ವಾಂತಿ ಮಾತ್ರೆ ಯಾರ ಪಟ್ಟಿಯಲ್ಲೂ ಇಲ್ಲ

ಕಳೆದ ಮಳೆಗಾಲದ ಒಂದು ಭಾನುವಾರ ಮುಂಬಯಿಯ ಪೂರ್ವ ಉಪನಗರದ ಕನ್ನಡ ಸಂಘವೊಂದು ಆರೋಗ್ಯ ತಪಾಸಣಾ ಶಿಬಿರ ಇಟ್ಟುಕೊಂಡಿತ್ತು. ಬಂದವರ ಫಾರ್ಮ್ ತುಂಬಿಸುವ ಕೆಲಸ ನನ್ನದು. ಹೆಸರು, ವಯಸ್ಸು, ಇರುವ ಕಾಯಿಲೆ ಬರೆದುಕೊಂಡ ಮೇಲೆ ‘ಈಗ ತೆಗೆದುಕೊಳ್ಳುತ್ತಿರುವ ಔಷಧಗಳು’ ಎಂಬ ಸಾಲು ಬರುತ್ತಿತ್ತು. ಬಿಪಿಯದ್ದು ಒಂದು, ಸಕ್ಕರೆಯದ್ದು ಎರಡು, ರಕ್ತ ತೆಳುವಾಗುವುದಕ್ಕೆ ಒಂದು ಎಂದು ಜನ ಬೆರಳು ಮಡಚಿ ಎಣಿಸುತ್ತಿದ್ದರು. ಫೋರ್ಟ್ ಪ್ರದೇಶದ ಕ್ಯಾಂಟೀನಿನಲ್ಲಿ ನಲವತ್ತು ವರ್ಷ ದುಡಿದು ನಿವೃತ್ತರಾದ, ಕುಂದಾಪುರ ಕಡೆಯ ಹಿರಿಯರೊಬ್ಬರೂ ಹಾಗೆಯೇ ಎಣಿಸಿ ಮುಗಿಸಿದರು. ಅವರ ಕೈಚೀಲದಿಂದ ಇನ್ನೊಂದು ಸ್ಟ್ರಿಪ್ ಇಣುಕುತ್ತಿತ್ತು. ‘ಇದು?’ ಎಂದು ಕೇಳಿದೆ. ‘ಅದು ಮದ್ದೇನಲ್ಲ ಮಗಳೇ, ಗ್ಯಾಸಿನದ್ದು ಅಷ್ಟೇ. ಊಟ ಸೇರದಿದ್ದರೆ, ಹೊಟ್ಟೆ ತೊಳೆಸಿದರೆ ಒಂದು ತೆಗೆದುಕೊಳ್ಳುವುದು’ ಎಂದರು. ಮಾತು ಮುಂದುವರಿದಾಗ ತಿಳಿಯಿತು, ಮೂರು ವರ್ಷದಿಂದ ದಿನವೂ ತೆಗೆದುಕೊಳ್ಳುತ್ತಿದ್ದರು.

ಆ ಕ್ಯಾಪ್ಸೂಲಿನಲ್ಲಿ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಜೊತೆಗೆ 30 ಮಿಲಿಗ್ರಾಂ ಡೊಂಪೆರಿಡೋನ್ ಇತ್ತು. ಡೊಂಪೆರಿಡೋನ್ ವಾಂತಿ ತಡೆಯುವ ಔಷಧ. ಅವರ ಹೃದಯಕ್ಕೆ ಸ್ಟೆಂಟ್ ಹಾಕಿ ಒಂದೂವರೆ ವರ್ಷವಾಗಿತ್ತು, ಹೃದಯದ ಪಂಪ್ ಮಾಡುವ ಶಕ್ತಿ ಕುಂದಿತ್ತು, ಕಾಲಿನ ಊತಕ್ಕೆಂದು ಮೂತ್ರ ಹೆಚ್ಚಿಸುವ ಮಾತ್ರೆ ನಡೆಯುತ್ತಿತ್ತು. ಇಂತಹ ಹೃದಯದವರಿಗೆ ಡೊಂಪೆರಿಡೋನ್ ಕೊಡಬಾರದು ಎಂದು ಯುರೋಪಿನ ಔಷಧ ನಿಯಂತ್ರಕರು 2014ರಲ್ಲೇ ಹೇಳಿದ್ದಾರೆ. ಹೃದಯದ ವೈದ್ಯರಿಗೆ ಈ ಕ್ಯಾಪ್ಸೂಲಿನ ವಿಷಯ ತಿಳಿದಿರಲಿಲ್ಲ. ಅದನ್ನು ಮೊದಲು ಬರೆದುಕೊಟ್ಟ ವೈದ್ಯರ ಎದುರಿಗೆ ಕುಳಿತಿದ್ದಾಗ ಇವರ ಹೃದಯ ಚೆನ್ನಾಗಿಯೇ ಇತ್ತು. ಔಷಧದ ಅಂಗಡಿಯವನು ಹಳೆಯ ಸ್ಟ್ರಿಪ್ ನೋಡಿ ಹೊಸದನ್ನು ಕೊಡುತ್ತಾ ಬಂದಿದ್ದ.

ವಾಂತಿ ಮಾತ್ರೆ ಸುರಕ್ಷಿತವೇ ಎಂದು ಯಾರಾದರೂ ಕೇಳಿದರೆ ಮಾತ್ರೆಯೊಂದನ್ನೇ ನೋಡಿ ಉತ್ತರ ಹೇಳಲು ಬರುವುದಿಲ್ಲ. ನುಂಗುವವರ ಹೃದಯ ಹೇಗಿದೆ, ಯಕೃತ್ತು, ಮೂತ್ರಪಿಂಡ ಹೇಗಿವೆ, ವಯಸ್ಸೆಷ್ಟು, ಜೊತೆಗೆ ಇನ್ನೇನು ನುಂಗುತ್ತಿದ್ದಾರೆ ಎಂಬುದನ್ನೆಲ್ಲ ನೋಡಬೇಕು. ಇಪ್ಪತ್ತೈದರ ಆರೋಗ್ಯವಂತ ಹುಡುಗ ಹೊಟ್ಟೆ ಕೆಟ್ಟಾಗ ಒಂದು ಒಂಡಾನ್ಸೆಟ್ರಾನ್ ಮಾತ್ರೆ ತೆಗೆದುಕೊಂಡರೆ ಹೆದರುವಂಥದ್ದು ಬಹುತೇಕ ಏನೂ ಇಲ್ಲ. ಅದೇ ಮಾತ್ರೆ ಅವನ ಅಜ್ಜನಿಗೆ ಬೇರೆಯದೇ ಲೆಕ್ಕ. ಆ ಲೆಕ್ಕವನ್ನು ಮಾಡಬೇಕಾದವರ ಕಣ್ಣಿಗೆ ಮಾತ್ರೆ ಬೀಳುವುದೇ ಇಲ್ಲ ಎಂಬುದು ನನ್ನ ಚಿಂತೆ.

ತಡೆಯುವುದು ಏನನ್ನು?

ಮೆದುಳಿನ ಬುಡದಲ್ಲಿ ಒಂದು ಪುಟ್ಟ ಜಾಗವಿದೆ. ರಕ್ತಕ್ಕೂ ಮೆದುಳಿಗೂ ನಡುವಿನ ತಡೆಗೋಡೆ ಅಲ್ಲಿ ಸಡಿಲ. ರಕ್ತದಲ್ಲಿ ವಿಷವೇನಾದರೂ ಸೇರಿದೆಯೇ ಎಂದು ಅದು ಸದಾ ರುಚಿ ನೋಡುತ್ತಿರುತ್ತದೆ. ಕರುಳಿನಿಂದಲೂ ಒಳಗಿವಿಯಿಂದಲೂ ವಾಂತಿಯ ಸುದ್ದಿ ಮೆದುಳಿಗೆ ಮುಟ್ಟುತ್ತದೆ. ಸುದ್ದಿ ಒಯ್ಯುವ ರಾಸಾಯನಿಕಗಳು ಡೋಪಮಿನ್, ಸೆರೊಟೋನಿನ್, ಹಿಸ್ಟಮಿನ್, ಅಸಿಟೈಲ್‌ಕೋಲಿನ್ ಮುಂತಾದವು. ದೇಹದಲ್ಲಿರುವ ಸೆರೊಟೋನಿನ್‌ನ ಸುಮಾರು ಶೇಕಡ 90 ಭಾಗ ಕರುಳಿನಲ್ಲೇ ಇದೆ ಎಂದರೆ ಹಲವರಿಗೆ ಆಶ್ಚರ್ಯವಾಗುತ್ತದೆ. ಒಂಡಾನ್ಸೆಟ್ರಾನ್ ಈ ಸೆರೊಟೋನಿನ್‌ನ ಸುದ್ದಿಯನ್ನು ತಡೆಯುತ್ತದೆ. ಡೊಂಪೆರಿಡೋನ್, ಮೆಟೊಕ್ಲೊಪ್ರಮೈಡ್, ಪ್ರೋಕ್ಲೋರ್‌ಪೆರಜಿನ್ ಡೋಪಮಿನ್‌ನದ್ದನ್ನು ತಡೆಯುತ್ತವೆ. ಬಸ್ ಹತ್ತುವ ಮೊದಲು ನುಂಗುವ ಪ್ರೊಮೆಥಜಿನ್‌ನಂಥವು ಹಿಸ್ಟಮಿನ್ ಮತ್ತು ಅಸಿಟೈಲ್‌ಕೋಲಿನ್‌ನದ್ದನ್ನು.

ತೊಡಕು ಇರುವುದು ಇಲ್ಲಿಯೇ. ಡೋಪಮಿನ್ ವಾಂತಿಗಷ್ಟೇ ಇರುವುದಲ್ಲ, ಕೈಕಾಲು ಸರಾಗವಾಗಿ ಆಡುವುದಕ್ಕೂ ಅದು ಬೇಕು. ಅಸಿಟೈಲ್‌ಕೋಲಿನ್ ಇಲ್ಲದೆ ಮೂತ್ರಕೋಶ ಸರಿಯಾಗಿ ಹಿಂಡಿಕೊಳ್ಳುವುದಿಲ್ಲ. ಎಲ್ಲಿ ಆಗಲೇ ಕೊರತೆಯಿದೆಯೋ ಅಲ್ಲಿ ಮಾತ್ರೆ ಹೋಗಿ ಇನ್ನಷ್ಟು ಕಿತ್ತುಕೊಳ್ಳುತ್ತದೆ.

ಹೃದಯದ ವಿಷಯ

ಪ್ರತಿ ಬಡಿತದ ನಂತರ ಹೃದಯದ ಜೀವಕೋಶಗಳು ಮುಂದಿನ ಬಡಿತಕ್ಕೆ ಸಿದ್ಧವಾಗಬೇಕು. ಪೊಟ್ಯಾಸಿಯಂ ಕಣಗಳು ಕೋಶದಿಂದ ಹೊರಗೆ ಹೋಗುವುದರಿಂದ ಈ ಸಿದ್ಧತೆ ನಡೆಯುತ್ತದೆ. ಇಸಿಜಿಯಲ್ಲಿ ಇದಕ್ಕೆ ಹಿಡಿಯುವ ಸಮಯವನ್ನು ‘ಕ್ಯೂಟಿ’ ಎಂದು ಅಳೆಯುತ್ತಾರೆ. ಬಡಿತದ ವೇಗಕ್ಕೆ ಹೊಂದಿಸಿ ಲೆಕ್ಕ ಹಾಕಿದಾಗ ಗಂಡಸರಲ್ಲಿ ಸುಮಾರು 450 ಮಿಲಿಸೆಕೆಂಡ್, ಹೆಂಗಸರಲ್ಲಿ ಸುಮಾರು 460ರ ಒಳಗಿದ್ದರೆ ಸಮಾಧಾನ. 500 ದಾಟಿದರೆ ವೈದ್ಯರು ಕೂಡಲೇ ಔಷಧಗಳ ಪಟ್ಟಿ ಕೇಳುತ್ತಾರೆ. ಡೊಂಪೆರಿಡೋನ್ ಮತ್ತು ಒಂಡಾನ್ಸೆಟ್ರಾನ್ ಎರಡೂ ಪೊಟ್ಯಾಸಿಯಂ ಹೊರಹೋಗುವ ಬಾಗಿಲನ್ನು ಸ್ವಲ್ಪ ಒತ್ತಿ ಹಿಡಿಯುತ್ತವೆ. ಸಿದ್ಧತೆ ನಿಧಾನವಾಗುತ್ತದೆ. ಹಾಗೆ ನಿಧಾನವಾದ ಹೃದಯದಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಒಂದು ಬಡಿತ ಬಂದುಬಿಟ್ಟರೆ ಲಯವೇ ಕೆಟ್ಟು, ಇಸಿಜಿಯ ಗೆರೆ ಹುರಿ ಹೊಸೆದಂತೆ ತಿರುಚಿಕೊಳ್ಳುವ ಸ್ಥಿತಿ ಬರುತ್ತದೆ. 1966ರಲ್ಲಿ ಫ್ರಾನ್ಸಿನ ವೈದ್ಯ ದೆಸೆರ್ತೆನ್ ಅದನ್ನು ಟೋರ್ಸಾಡ್ ಎಂದು ಹೆಸರಿಟ್ಟು ವಿವರಿಸಿದರು. ರೋಗಿ ಕುಸಿದು ಬೀಳಬಹುದು, ಜೀವವೂ ಹೋಗಬಹುದು.

ಇದು ಅಪರೂಪ ಎಂಬುದನ್ನು ಒತ್ತಿ ಹೇಳುತ್ತೇನೆ. ಆದರೆ ಎಲ್ಲರಿಗೂ ಒಂದೇ ಅಳತೆಯಲ್ಲಿ ಅಪರೂಪವಲ್ಲ. ಹೃದಯ ದುರ್ಬಲವಾಗಿದ್ದು, ವಯಸ್ಸು 60 ದಾಟಿದ್ದು, ಪೊಟ್ಯಾಸಿಯಂ ಅಥವಾ ಮೆಗ್ನೀಸಿಯಂ ಕಡಿಮೆಯಿದ್ದು, ಕ್ಯೂಟಿ ಹಿಗ್ಗಿಸುವ ಇನ್ನೊಂದು ಔಷಧವೂ ಜೊತೆಗಿದ್ದರೆ ಒಂದರ ಮೇಲೊಂದು ಹೊರೆ ಬೀಳುತ್ತದೆ. ಹೆಂಗಸರಲ್ಲಿ ಈ ಅಪಾಯ ಗಂಡಸರಿಗಿಂತ ಹೆಚ್ಚು. ವಾಂತಿ ಮಾಡಿ ಮಾಡಿ ಸುಸ್ತಾದವರಲ್ಲಿ ಪೊಟ್ಯಾಸಿಯಂ ಆಗಲೇ ಇಳಿದಿರುತ್ತದೆ ಎಂಬುದನ್ನು ನಾವು ಮರೆಯುತ್ತೇವೆ. ಔಷಧ ಬೇಕಾದ ಗಳಿಗೆಯೇ ಔಷಧದ ಅಪಾಯ ಹೆಚ್ಚುವ ಗಳಿಗೆಯೂ ಆಗಿಬಿಡುತ್ತದೆ.

ಡೊಂಪೆರಿಡೋನ್‌ಗೆ ಹಳೆಯ ಇತಿಹಾಸವಿದೆ. ರಕ್ತನಾಳಕ್ಕೆ ಕೊಡುವ ರೂಪದಿಂದ ಹೃದಯದ ಲಯ ಕೆಟ್ಟು ಸಾವುಗಳು ಆದ ಮೇಲೆ 1980ರ ದಶಕದಲ್ಲಿ ಆ ರೂಪವನ್ನು ಹಿಂತೆಗೆದುಕೊಳ್ಳಲಾಯಿತು. ಅಮೆರಿಕದಲ್ಲಿ ಈ ಔಷಧಕ್ಕೆ ಇಂದಿಗೂ ಮಾರಾಟದ ಅನುಮತಿ ಇಲ್ಲ. ಎದೆಹಾಲು ಹೆಚ್ಚಿಸಲು ಇದನ್ನು ಬಳಸಬೇಡಿ ಎಂದು ಅಲ್ಲಿನ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎ 2004ರಲ್ಲಿ ಎಚ್ಚರಿಸಿತು. ಯುರೋಪಿನ 2014ರ ನಿರ್ಧಾರ ಇನ್ನೂ ಸ್ಪಷ್ಟ: ಬಳಕೆ ವಾಕರಿಕೆ ಮತ್ತು ವಾಂತಿಗೆ ಮಾತ್ರ, ಒಮ್ಮೆಗೆ 10 ಮಿಲಿಗ್ರಾಂ, ದಿನಕ್ಕೆ ಹೆಚ್ಚೆಂದರೆ ಮೂರು ಸಲ, ಸಾಮಾನ್ಯವಾಗಿ ಒಂದು ವಾರ ಮೀರಬಾರದು. ಹೊಟ್ಟೆಯುಬ್ಬರ, ಎದೆಯುರಿಗೆ ಬಳಸುವುದನ್ನು ಅವರು ನಿಲ್ಲಿಸಿದರು. ತಲೆಸುತ್ತಿಗೆ ಕೊಡುವ ಸಿನ್ನರಿಜಿನ್ ಜೊತೆ ಇದನ್ನು ಬೆರೆಸಿದ ಮಾತ್ರೆಗಳನ್ನೂ ಹಿಂತೆಗೆಯಲು ಹೇಳಿದರು. ಅಂಥ ಜೋಡಿ ಮಾತ್ರೆ ನಮ್ಮಲ್ಲಿ ಸಿಗುತ್ತದೆ.

ನಮ್ಮಲ್ಲಿ ಡೊಂಪೆರಿಡೋನ್ ಹೆಚ್ಚಾಗಿ ಒಂಟಿಯಾಗಿ ಬರುವುದಿಲ್ಲ, ಗ್ಯಾಸಿನ ಮಾತ್ರೆಯೊಳಗೆ ಅಡಗಿ ಬರುತ್ತದೆ. ಪ್ಯಾಂಟೊಪ್ರಜೋಲ್, ರಬೆಪ್ರಜೋಲ್, ಒಮೆಪ್ರಜೋಲ್ ಹೆಸರಿನ ಬಾಲಕ್ಕೆ ‘ಡಿ’ ಅಥವಾ ‘ಡಿಎಸ್‌ಆರ್’ ಎಂದಿದ್ದರೆ ಒಳಗೆ ಡೊಂಪೆರಿಡೋನ್ ಇದೆ ಎಂದು ತಿಳಿಯಬೇಕು. ಡಿಎಸ್‌ಆರ್ ಎಂದರೆ ನಿಧಾನವಾಗಿ ಬಿಡುಗಡೆಯಾಗುವ ಡೊಂಪೆರಿಡೋನ್, ಸಾಮಾನ್ಯವಾಗಿ 30 ಮಿಲಿಗ್ರಾಂ. ಯುರೋಪು ಇಡೀ ದಿನಕ್ಕೆ ಹಾಕಿದ ಮಿತಿ ಒಂದೇ ಕ್ಯಾಪ್ಸೂಲಿನಲ್ಲಿ ಮುಗಿದುಹೋಗುತ್ತದೆ. ಇನ್ನೊಂದು ಸಂಗತಿಯನ್ನು ನಾನು ಎಷ್ಟೋ ಸಲ ಎಷ್ಟೋ ಮನೆಗಳಲ್ಲಿ ಹೇಳಿದ್ದೇನೆ. ಆಮ್ಲ ತಗ್ಗಿಸುವ ಈ ‘ಪ್ರಜೋಲ್’ ಮಾತ್ರೆಗಳನ್ನು ವರ್ಷಗಟ್ಟಲೆ ತೆಗೆದುಕೊಂಡರೆ ಕೆಲವರಲ್ಲಿ ಮೆಗ್ನೀಸಿಯಂ ಇಳಿಯುತ್ತದೆ ಎಂದು ಎಫ್‌ಡಿಎ 2011ರಲ್ಲಿ ಎಚ್ಚರಿಸಿದೆ. ಒಂದೇ ಕ್ಯಾಪ್ಸೂಲಿನ ಒಂದು ಭಾಗ ಮೆಗ್ನೀಸಿಯಂ ಇಳಿಸುತ್ತದೆ, ಮೆಗ್ನೀಸಿಯಂ ಇಳಿದಾಗ ಅಪಾಯ ಹೆಚ್ಚಿಸುವ ಔಷಧ ಇನ್ನೊಂದು ಭಾಗದಲ್ಲಿರುತ್ತದೆ. ಅದರ ಮೇಲೆ ಫ್ಯುರೊಸೆಮೈಡ್‌ನಂಥ ಮೂತ್ರ ಹೆಚ್ಚಿಸುವ ಮಾತ್ರೆ ಪೊಟ್ಯಾಸಿಯಮ್ಮನ್ನೂ ಹೊರಗೆ ಹಾಕುತ್ತದೆ. ಕುಂದಾಪುರದ ಆ ಹಿರಿಯರ ಚೀಲದಲ್ಲಿ ಈ ಮೂರೂ ಒಟ್ಟಿಗೆ ಇದ್ದವು.

ಒಂಡಾನ್ಸೆಟ್ರಾನ್ ಕಥೆ ಸ್ವಲ್ಪ ಬೇರೆ. ಅದು ಒಳ್ಳೆಯ ಔಷಧ, ಕೀಮೋಥೆರಪಿಯ ಸ್ವರೂಪವನ್ನೇ ಬದಲಿಸಿದ ಔಷಧ. ಅದರ ಹೃದಯದ ಅಪಾಯ ಮುಖ್ಯವಾಗಿ ರಕ್ತನಾಳಕ್ಕೆ ದೊಡ್ಡ ಪ್ರಮಾಣದಲ್ಲಿ ಕೊಟ್ಟಾಗಿನದು. ಒಮ್ಮೆಗೆ 32 ಮಿಲಿಗ್ರಾಂ ಕೊಡುವ ಪದ್ಧತಿಯನ್ನು ಎಫ್‌ಡಿಎ 2012ರಲ್ಲಿ ನಿಲ್ಲಿಸಿ, ಒಂದು ಸಲಕ್ಕೆ 16 ಮಿಲಿಗ್ರಾಂ ಮೀರಬಾರದು ಎಂದಿತು. 75 ದಾಟಿದವರಿಗೆ ಮೊದಲ ಚುಚ್ಚುಮದ್ದು 8 ಮಿಲಿಗ್ರಾಂ ಮೀರಬಾರದು ಎಂದು ಬ್ರಿಟನ್ ಹೇಳಿತು. ಹುಟ್ಟಿನಿಂದಲೇ ಕ್ಯೂಟಿ ಉದ್ದವಿರುವ ಕುಟುಂಬದವರಿಗೆ ಇದು ಬೇಡ. ಚಿಕ್ಕ ವಯಸ್ಸಿನಲ್ಲಿ ಯಾರಾದರೂ ಓಡುತ್ತಿರುವಾಗಲೋ ಈಜುತ್ತಿರುವಾಗಲೋ ಇದ್ದಕ್ಕಿದ್ದಂತೆ ತೀರಿಕೊಂಡ ಮನೆತನವಾದರೆ ವೈದ್ಯರಿಗೆ ಮೊದಲೇ ಹೇಳಬೇಕು. ಖಿನ್ನತೆಗೆ ಎಸ್ಸಿಟಾಲೋಪ್ರಾಮ್, ಗಂಟಲಿಗೆ ಅಜಿಥ್ರೋಮೈಸಿನ್, ಭೇದಿಗೆ ಆಫ್ಲಾಕ್ಸಸಿನ್, ಸಂಧಿವಾತಕ್ಕೆ ಹೈಡ್ರಾಕ್ಸಿಕ್ಲೋರೋಕ್ವಿನ್, ಇವೂ ಕ್ಯೂಟಿಯನ್ನು ಹಿಗ್ಗಿಸಬಲ್ಲವು. ಮಳೆಗಾಲದಲ್ಲಿ ಹೊಟ್ಟೆ ಕೆಟ್ಟಾಗ ಅಂಗಡಿಯಲ್ಲಿ ಕೊಡುವ ಪೊಟ್ಟಣದಲ್ಲಿ ಆಫ್ಲಾಕ್ಸಸಿನ್ ಮತ್ತು ಒಂಡಾನ್ಸೆಟ್ರಾನ್ ಜೊತೆಜೊತೆಯಾಗಿಯೇ ಇರುತ್ತವೆ.

ಸಿಸಾಪ್ರೈಡ್ ಎಂಬ ಔಷಧವನ್ನು ಈಗ ಯಾರೂ ನೆನೆಯುವುದಿಲ್ಲ. ಅದೂ ಹೊಟ್ಟೆಯ ತೊಂದರೆಗೆಂದೇ ಇದ್ದದ್ದು, ಅದರಿಂದಲೂ ಹೃದಯದ ಲಯ ಕೆಡುತ್ತಿತ್ತು. ಅಮೆರಿಕದಲ್ಲಿ 2000ದಲ್ಲಿ ಅದರ ಸಾಮಾನ್ಯ ಮಾರಾಟ ನಿಂತಿತು. ಭಾರತದಲ್ಲಿ ನಿಷೇಧವಾದದ್ದು 2011ರ ಫೆಬ್ರವರಿಯಲ್ಲಿ. ನಡುವಿನ ಹನ್ನೊಂದು ವರ್ಷವನ್ನು ನೆನೆದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಅಮ್ಮನ ಬಲಗೈ

ಈ ವಿಷಯ ನನಗೆ ಪುಸ್ತಕದಿಂದ ಬಂದದ್ದಲ್ಲ. ಏಳು ವರ್ಷದ ಹಿಂದೆ ಅಮ್ಮನಿಗೆ ತಲೆಸುತ್ತು ಶುರುವಾಯಿತು. ವೈದ್ಯರೊಬ್ಬರು ಐದು ದಿನಕ್ಕೆಂದು ಒಂದು ಸಣ್ಣ ಮಾತ್ರೆ ಬರೆದುಕೊಟ್ಟರು. ಗುಣವಾಯಿತು. ಮತ್ತೆ ಸುತ್ತಿದಂತಾದಾಗ ಅಮ್ಮ ಅದನ್ನೇ ತರಿಸಿಕೊಂಡರು. ಹೀಗೆ ಎರಡು ವರ್ಷ. ನಂತರ ಬಲಗೈ ನಡುಗತೊಡಗಿತು, ಅಕ್ಷರ ಚಿಕ್ಕದಾಯಿತು, ಮುಖದಲ್ಲಿ ನಗು ಮೂಡುವುದು ತಡವಾಯಿತು. ಲೋಕಲ್ ರೈಲಿನ ಮೆಟ್ಟಿಲು ಹತ್ತುವಾಗ ಕಾಲು ಎತ್ತಲಾಗದೆ ನಿಂತುಬಿಡುತ್ತಿದ್ದರು. ಪಾರ್ಕಿನ್ಸನ್ ಎಂದು ಚಿಕಿತ್ಸೆ ಆರಂಭಿಸುವ ಮಾತಾಯಿತು. ಎರಡನೆಯ ಅಭಿಪ್ರಾಯಕ್ಕೆ ಹೋದಾಗ ನರರೋಗ ತಜ್ಞೆಯೊಬ್ಬರು ಮೊದಲು ಕೇಳಿದ್ದು, ‘ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಚೀಲದಲ್ಲಿ ಹಾಕಿ ತನ್ನಿ, ಏನನ್ನೂ ಆರಿಸಬೇಡಿ’ ಎಂದು.

ಆ ಸಣ್ಣ ಮಾತ್ರೆ ಪ್ರೋಕ್ಲೋರ್‌ಪೆರಜಿನ್. ಮೂಲತಃ ಮನೋರೋಗಕ್ಕೆ ಬಂದ ಔಷಧಗಳ ಕುಲಕ್ಕೆ ಸೇರಿದ್ದು, ಡೋಪಮಿನ್‌ನನ್ನು ಮೆದುಳಿನೊಳಗೇ ತಡೆಯುವಂಥದ್ದು. ವಯಸ್ಸಾದವರಲ್ಲಿ ಪಾರ್ಕಿನ್ಸನ್‌ನಂಥ ಲಕ್ಷಣಗಳು ಕಾಣಿಸಿಕೊಂಡಾಗ ಔಷಧಗಳೇ ಕಾರಣವಾಗಿರುವುದು ಸಾಮಾನ್ಯ. ಮೆಟೊಕ್ಲೊಪ್ರಮೈಡ್, ಪ್ರೋಕ್ಲೋರ್‌ಪೆರಜಿನ್, ಸಿನ್ನರಿಜಿನ್, ಮೈಗ್ರೇನಿಗೆ ಕೊಡುವ ಫ್ಲೂನರಿಜಿನ್ ಆ ಪಟ್ಟಿಯಲ್ಲಿವೆ. ಅಮ್ಮನಿಗೆ ಮಾತ್ರೆ ನಿಲ್ಲಿಸಿದ ಮೇಲೆ ಕೈ ತಹಬಂದಿಗೆ ಬರಲು ಐದು ತಿಂಗಳು ಹಿಡಿಯಿತು. ಎಲ್ಲರಿಗೂ ಪೂರ್ತಿ ಗುಣವಾಗುವುದಿಲ್ಲ. ಒಳಗೆ ಕಾಣದೆ ಬೆಳೆಯುತ್ತಿದ್ದ ನಿಜವಾದ ಪಾರ್ಕಿನ್ಸನ್ ಹೀಗೆ ಬೇಗ ಹೊರಬರುವುದೂ ಉಂಟು.

ಪಾರ್ಕಿನ್ಸನ್ ಈಗಾಗಲೇ ಇರುವವರಿಗೆ ಮೆಟೊಕ್ಲೊಪ್ರಮೈಡ್ ಮತ್ತು ಪ್ರೋಕ್ಲೋರ್‌ಪೆರಜಿನ್ ಎರಡೂ ಬೇಡ. ಅವರಿಗೆ ಕೊಡುವ ಲೆವೊಡೋಪಾ ಮಾತ್ರೆಯೇ ವಾಕರಿಕೆ ತರಿಸುತ್ತದೆ, ಆಗ ಗೊತ್ತಿಲ್ಲದವರು ಕೈಗೆ ಸಿಕ್ಕಿದ ವಾಂತಿ ಮಾತ್ರೆ ಕೊಟ್ಟರೆ ಒಂದು ಕೈ ಕೊಟ್ಟದ್ದನ್ನು ಇನ್ನೊಂದು ಕೈ ಕಸಿದುಕೊಂಡಂತೆ. ಡೊಂಪೆರಿಡೋನ್ ಮೆದುಳಿನೊಳಗೆ ಅಷ್ಟಾಗಿ ಹೋಗುವುದಿಲ್ಲವಾದ್ದರಿಂದ ಇವರಿಗೆ ಅದೇ ವಾಸಿ, ಆದರೆ ಹೃದಯ ಪರೀಕ್ಷಿಸಿ, ಕಡಿಮೆ ಪ್ರಮಾಣದಲ್ಲಿ. ಹೃದ್ರೋಗಿಗೆ ವಿಷವಾಗಬಹುದಾದದ್ದು ಪಾರ್ಕಿನ್ಸನ್ ರೋಗಿಗೆ ಆಸರೆಯಾಗುತ್ತದೆ. ‘ಯಾವುದು ಒಳ್ಳೆಯ ವಾಂತಿ ಮಾತ್ರೆ?’ ಎಂದು ಫೋನಿನಲ್ಲಿ ಕೇಳುವ ಬಂಧುಗಳಿಗೆ ನಾನು ಉತ್ತರ ಕೊಡದಿರುವುದು ಇದಕ್ಕೇ.

ಮೆಟೊಕ್ಲೊಪ್ರಮೈಡ್ ಬಗ್ಗೆ ನಿಯಂತ್ರಕರು ಕಟ್ಟುನಿಟ್ಟಾಗಿದ್ದಾರೆ. 12 ವಾರಕ್ಕಿಂತ ಹೆಚ್ಚು ಬೇಡ, ನಾಲಿಗೆ, ತುಟಿ, ದವಡೆ ತಾವಾಗಿ ಆಡುತ್ತಲೇ ಇರುವ, ಮಾತ್ರೆ ನಿಲ್ಲಿಸಿದರೂ ಹೋಗದಿರಬಹುದಾದ ಚಲನೆ ಉಂಟಾಗುತ್ತದೆ ಎಂದು ಎಫ್‌ಡಿಎ 2009ರಲ್ಲಿ ತನ್ನ ಅತ್ಯಂತ ಗಂಭೀರ ದರ್ಜೆಯ ಎಚ್ಚರಿಕೆ ಹಾಕಿಸಿತು. ಯುರೋಪು 2013ರಲ್ಲಿ ಐದೇ ದಿನ ಎಂದಿತು. ಮೂರ್ಛೆರೋಗ ಇರುವವರಿಗೆ, ಕರುಳಿನಲ್ಲಿ ಅಡ್ಡಿಯಾಗಿರುವವರಿಗೆ ಇದು ಸಲ್ಲದು. ಚಿಕ್ಕ ವಯಸ್ಸಿನವರಲ್ಲಿ, ಅದರಲ್ಲೂ ಹುಡುಗಿಯರಲ್ಲಿ, ಚುಚ್ಚುಮದ್ದು ಕೊಟ್ಟ ಕೆಲವೇ ಗಂಟೆಗಳಲ್ಲಿ ಕುತ್ತಿಗೆ ಒಂದು ಕಡೆಗೆ ತಿರುಚಿಕೊಂಡು, ಕಣ್ಣು ಮೇಲಕ್ಕೆ ಸಿಕ್ಕಿಹಾಕಿಕೊಳ್ಳುವುದಿದೆ. ನೋಡಿದವರಿಗೆ ಫಿಟ್ಸ್ ಬಂದಂತೆ, ಹಳ್ಳಿಯ ಕಡೆ ಮೈಮೇಲೆ ಏನೋ ಬಂದಂತೆ ಕಾಣುತ್ತದೆ. ಸರಿಯಾದ ಚುಚ್ಚುಮದ್ದು ಕೊಟ್ಟರೆ ಬೇಗ ಇಳಿಯುತ್ತದೆ. ‘ಇವಳಿಗೆ ವಾಂತಿಗೆ ಇಂಜೆಕ್ಷನ್ ಕೊಟ್ಟಿದ್ದರು’ ಎಂಬ ಒಂದು ವಾಕ್ಯ ಆಗ ಎಲ್ಲವನ್ನೂ ಬದಲಿಸುತ್ತದೆ.

ರಾತ್ರಿ ಬಸ್ಸಿನ ಮಾತ್ರೆ

ಮುಂಬಯಿಯಿಂದ ಮಂಗಳೂರು, ಉಡುಪಿಗೆ ಹೋಗುವ ರಾತ್ರಿ ಬಸ್ಸುಗಳು ಹುಬ್ಬಳ್ಳಿ ದಾಟಿ ಅರಬೈಲ್ ಘಟ್ಟ ಇಳಿಯುವಾಗ ಯಾರ ಹೊಟ್ಟೆಯೂ ನೆಟ್ಟಗಿರುವುದಿಲ್ಲ. ಹತ್ತುವ ಮೊದಲೇ ಪ್ರೊಮೆಥಜಿನ್ ಅಥವಾ ಡೈಮೆನ್‌ಹೈಡ್ರಿನೇಟ್ ನುಂಗುವುದು ನಮ್ಮ ಜನರ ಹಳೆಯ ರೂಢಿ. ಪ್ರಾಸ್ಟೇಟ್ ದೊಡ್ಡದಾಗಿರುವ ಅರವತ್ತೈದರ ಗಂಡಸಿಗೆ ಈ ಮಾತ್ರೆಯಿಂದ ಮೂತ್ರ ಕಟ್ಟಿಕೊಳ್ಳಬಹುದು, ಬಸ್ಸು ನಿಲ್ಲುವ ಢಾಬಾದಲ್ಲಿ ಇಳಿದರೂ ಆಗದೆ ಊರು ಮುಟ್ಟುವಷ್ಟರಲ್ಲಿ ಹೊಟ್ಟೆ ಕಲ್ಲಾಗಿರಬಹುದು. ಕಣ್ಣಿನ ಕೋನ ಕಿರಿದಾಗಿರುವ ಗ್ಲೊಕೋಮಾ ಇದ್ದವರಲ್ಲಿ ಕಣ್ಣಿನ ಒತ್ತಡ ಏರಬಹುದು. ವಯಸ್ಸಾದವರು ಗೊಂದಲಕ್ಕೀಡಾಗಿ ಬೀಳುತ್ತಾರೆ. ಎರಡು ವರ್ಷದೊಳಗಿನ ಮಗುವಿಗೆ ಪ್ರೊಮೆಥಜಿನ್ ಖಂಡಿತ ಕೊಡಬಾರದು, ಉಸಿರಾಟ ಕುಗ್ಗುವ ಅಪಾಯವಿದೆ. ರಾತ್ರಿ ಮಗು ಅಳದೆ ಮಲಗಲಿ ಎಂದು ಕೊಡುವವರನ್ನು ನಾನು ಕಂಡಿದ್ದೇನೆ.

ವಾಂತಿಯೇ ಸುದ್ದಿಯಾದಾಗ

ಮುಂಬಯಿಯ ಮಳೆಗಾಲದಲ್ಲಿ ನೀರಿನಿಂದ ಬರುವ ಕಾಮಾಲೆ ಹೊಸದಲ್ಲ. ಕಣ್ಣು ಹಳದಿಯಾಗುವ ಮೊದಲ ವಾರ ಬರೀ ವಾಕರಿಕೆ, ಊಟ ಸೇರದಿರುವುದು. ಆಗ ನುಂಗುವ ಮಾತ್ರೆಗಳನ್ನು ಕರಗಿಸಿ ಹೊರಹಾಕಬೇಕಾದದ್ದು ಅದೇ ಸೋತ ಯಕೃತ್ತು. ಯಕೃತ್ತು ತೀವ್ರವಾಗಿ ಕೆಟ್ಟವರಿಗೆ ಒಂಡಾನ್ಸೆಟ್ರಾನ್ ದಿನಕ್ಕೆ 8 ಮಿಲಿಗ್ರಾಂ ಮೀರಬಾರದು, ಡೊಂಪೆರಿಡೋನ್ ಕೂಡದು. ಮೂತ್ರಪಿಂಡ ಸೋತವರಿಗೆ ಮೆಟೊಕ್ಲೊಪ್ರಮೈಡ್ ಪ್ರಮಾಣ ಇಳಿಸಬೇಕು. ಡಯಾಲಿಸಿಸ್ ಮಾಡಿಸಿಕೊಳ್ಳುವವರ ಪೊಟ್ಯಾಸಿಯಂ ಏರಿಳಿಯುತ್ತಲೇ ಇರುವುದರಿಂದ ಹೃದಯದ ಲೆಕ್ಕ ಇನ್ನಷ್ಟು ಬಿಗಿ. ಇಲ್ಲೊಂದು ಮಾತು: ಕರಾವಳಿಯವರಾದ ನಮಗೆ ವಾಂತಿ ಎಂದರೆ ಎಳನೀರು. ಎಳನೀರಿನಲ್ಲಿ ಪೊಟ್ಯಾಸಿಯಂ ಹೇರಳ, ಮೂತ್ರಪಿಂಡ ಕೆಟ್ಟವರಿಗೆ ಅದು ಅಪಾಯಕಾರಿ. ಓಆರ್‌ಎಸ್‌ನಲ್ಲಿ ಉಪ್ಪಿದೆ, ಹೃದಯ ದುರ್ಬಲವಾದವರು ಎಷ್ಟು ಕುಡಿಯಬೇಕೆಂದು ಕೇಳಿಕೊಳ್ಳಬೇಕು.

ಸಕ್ಕರೆ ಕಾಯಿಲೆಯವರ ವಾಂತಿಯನ್ನು ಮಾತ್ರೆ ಕೊಟ್ಟು ಅಡಗಿಸುವುದಕ್ಕೆ ಮೊದಲು ಎರಡು ಸಲ ಯೋಚಿಸಬೇಕು. ಅವರಲ್ಲಿ ಹೃದಯಾಘಾತ ಎದೆನೋವಿಲ್ಲದೆ, ವಾಂತಿ, ಬೆವರು, ಹೊಟ್ಟೆಯ ಮೇಲ್ಭಾಗದ ಕಸಿವಿಸಿಯಾಗಿ ಬರಬಹುದು. ‘ಗ್ಯಾಸ್ ಆಗಿದೆ’ ಎಂದು ಬೆಳಗಾಗುವವರೆಗೆ ಕಾದು ಕಳೆದುಕೊಂಡವರು ನಮ್ಮ ಕಟ್ಟಡದಲ್ಲೇ ಇದ್ದಾರೆ. ಸಕ್ಕರೆ ಇಳಿಸುವ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳಲ್ಲಿ ಇರುವವರಿಗೆ ರಕ್ತದಲ್ಲಿ ಕೀಟೋನ್ ಆಮ್ಲ ಏರಿದರೂ ಗ್ಲೂಕೋಮೀಟರಿನಲ್ಲಿ ಸಕ್ಕರೆ ಹೆಚ್ಚೇನೂ ಕಾಣದಿರಬಹುದು, 2015ರಲ್ಲೇ ಈ ಎಚ್ಚರಿಕೆ ಬಂದಿದೆ. ಆಗ ಕಾಣುವ ಗುರುತು ವಾಂತಿ, ಹೊಟ್ಟೆನೋವು, ಮೇಲುಸಿರು ಮಾತ್ರ. ವಾಂತಿಯನ್ನು ಅಡಗಿಸಿ ಮಲಗಿಸಿದರೆ ಆ ಒಂದು ಗುರುತೂ ಹೋಗುತ್ತದೆ.

ಇತ್ತೀಚೆಗೆ ಇನ್ನೊಂದು ಸೇರಿದೆ. ತೂಕ ಮತ್ತು ಸಕ್ಕರೆ ಇಳಿಸುವ ಚುಚ್ಚುಮದ್ದುಗಳಾದ ಮೌಂಜಾರೊ 2025ರ ಮಾರ್ಚ್‌ನಲ್ಲೂ ವೆಗೋವಿ ಜೂನ್‌ನಲ್ಲೂ ಭಾರತದ ಮಾರುಕಟ್ಟೆಗೆ ಬಂದವು. ಇವುಗಳಿಂದ ಹೊಟ್ಟೆ ನಿಧಾನವಾಗಿ ಖಾಲಿಯಾಗುತ್ತದೆ, ವಾಕರಿಕೆ ಅತ್ಯಂತ ಸಾಮಾನ್ಯ ಅಡ್ಡ ಪರಿಣಾಮ. ಮುಂಬಯಿಯಂಥ ನಗರದಲ್ಲಿ ಮದುವೆಗೆ ಮೊದಲು ತೂಕ ಇಳಿಸುವವರಿಂದ ಹಿಡಿದು ಸ್ಟೆಂಟ್ ಹಾಕಿಸಿಕೊಂಡ ಮಧುಮೇಹಿಗಳವರೆಗೆ ಇದನ್ನು ಬಳಸುವವರಿದ್ದಾರೆ. ವಾಕರಿಕೆ ಬಂದಾಗ ಊಟದ ಪ್ರಮಾಣ ಇಳಿಸುವುದು, ಎಣ್ಣೆ ಪದಾರ್ಥ ಬಿಡುವುದು, ಚುಚ್ಚುಮದ್ದಿನ ಪ್ರಮಾಣ ಏರಿಸುವುದನ್ನು ತಡಮಾಡುವಂತೆ ವೈದ್ಯರನ್ನು ಕೇಳುವುದು ಮೊದಲ ಹೆಜ್ಜೆ. ದಿನಕ್ಕೆ ಮೂರು ಹೊತ್ತು ವಾಂತಿ ಮಾತ್ರೆ ನುಂಗುತ್ತಾ ಚುಚ್ಚುಮದ್ದು ಮುಂದುವರಿಸುವುದಲ್ಲ. ನಿಲ್ಲದ ವಾಂತಿ ಮತ್ತು ಬೆನ್ನಿಗೆ ಇರಿಯುವ ಹೊಟ್ಟೆನೋವು ಬಂದರೆ ಅದು ಮೇದೋಜೀರಕ ಗ್ರಂಥಿಯ ಉರಿಯೂತವಾಗಿರಬಹುದು.

ಪರೇಲ್‌ನಲ್ಲಿ

ಇಷ್ಟು ಓದಿ ಯಾರಾದರೂ ಕೀಮೋಥೆರಪಿಯ ವಾಂತಿ ಮಾತ್ರೆ ಬಿಟ್ಟುಬಿಟ್ಟರೆ ನನಗೆ ಬಹಳ ದುಃಖವಾಗುತ್ತದೆ. 1941ರಿಂದ ಪರೇಲ್‌ನಲ್ಲಿರುವ ಟಾಟಾ ಸ್ಮಾರಕ ಆಸ್ಪತ್ರೆಗೆ ಕಲಬುರಗಿ, ವಿಜಯಪುರ, ಹುಬ್ಬಳ್ಳಿ ಕಡೆಯಿಂದಲೂ ಜನ ಬರುತ್ತಾರೆ, ದಾದರ್‌ನ ಗಾಡಗೆ ಮಹಾರಾಜ ಧರ್ಮಶಾಲೆಯಂಥಲ್ಲಿ ತಂಗುತ್ತಾರೆ. ಅವರಿಗೆ ಒಂಡಾನ್ಸೆಟ್ರಾನ್, ಡೆಕ್ಸಾಮೆಥಸೋನ್, ಅಪ್ರೆಪಿಟಾಂಟ್, ಒಲಾನ್ಜಪಿನ್‌ಗಳನ್ನು ಲೆಕ್ಕ ಹಾಕಿ ಕೊಡುತ್ತಾರೆ. ವಾಂತಿ ತಡೆಯದಿದ್ದರೆ ಚಿಕಿತ್ಸೆಯೇ ಅರ್ಧಕ್ಕೆ ನಿಲ್ಲುತ್ತದೆ. ಇದೇ ಆಸ್ಪತ್ರೆಯ ತಂಡ ಒಲಾನ್ಜಪಿನ್ ಅನ್ನು 10 ಮಿಲಿಗ್ರಾಂ ಬದಲು 2.5 ಮಿಲಿಗ್ರಾಂ ಕೊಟ್ಟರೂ ವಾಂತಿ ಅಷ್ಟೇ ಚೆನ್ನಾಗಿ ನಿಲ್ಲುತ್ತದೆ, ಹಗಲಿನ ತೂಕಡಿಕೆ ಬಹಳ ಕಡಿಮೆ ಎಂದು 2024ರಲ್ಲಿ ತೋರಿಸಿತು. ಕೀಮೋ ಮುಗಿಸಿಕೊಂಡು ರೈಲು ಹಿಡಿಯಬೇಕಾದವರಿಗೆ ಇದು ಎಷ್ಟು ದೊಡ್ಡ ಉಪಕಾರವೆಂದು ಅವರ ಜೊತೆ ಪ್ಲಾಟ್‌ಫಾರ್ಮಿನಲ್ಲಿ ಕುಳಿತವರಿಗೆ ಗೊತ್ತು.

ಇಲ್ಲಿಯೂ ಹಳೆಯ ಕಾಯಿಲೆ ಎಣಿಕೆಗೆ ಬರಬೇಕು. ಡೆಕ್ಸಾಮೆಥಸೋನ್ ಸ್ಟೀರಾಯ್ಡ್, ಮಧುಮೇಹಿಗಳ ಸಕ್ಕರೆ ಆ ದಿನಗಳಲ್ಲಿ ಜಿಗಿಯುತ್ತದೆ, ಆದ್ದರಿಂದ ಮನೆಯಲ್ಲಿ ಅಳೆಯಬೇಕು. ಅಪ್ರೆಪಿಟಾಂಟ್ ರಕ್ತ ತೆಳುವಾಗಿಸುವ ವಾರ್ಫರಿನ್‌ನ ಪರಿಣಾಮವನ್ನು ಇಳಿಸುತ್ತದೆ. ಒಂಡಾನ್ಸೆಟ್ರಾನ್ ಮಲಬದ್ಧತೆ ತರುತ್ತದೆ, ನೋವಿಗೆ ಮಾರ್ಫಿನ್ ಇರುವವರಿಗೆ ಅದು ಸಣ್ಣ ತೊಂದರೆಯಲ್ಲ. ಕಷ್ಟವೇನೆಂದರೆ ಚೀಟಿ ಇಂಗ್ಲಿಷಿನಲ್ಲಿ, ಅಂಗಡಿಯವರ ಮಾತು ಹಿಂದಿ ಅಥವಾ ಮರಾಠಿಯಲ್ಲಿ, ರೋಗಿಯ ಊರಿನ ವೈದ್ಯರು ಬರೆದ ಬಿಪಿ ಮಾತ್ರೆಯ ಹೆಸರು ಯಾರಿಗೂ ತಿಳಿಯದು. ಕನ್ನಡ ಬಲ್ಲ ಸ್ವಯಂಸೇವಕರು ಮುಂಬಯಿಯಲ್ಲಿ ಕಡಿಮೆಯಿಲ್ಲ. ಹೊರೆಕಾಣಿಕೆ, ಯಕ್ಷಗಾನಕ್ಕೆ ಸೇರುವಷ್ಟೇ ಮಂದಿ ವಾರಕ್ಕೊಮ್ಮೆ ಔಷಧದ ಚೀಟಿ ಓದಿ ಹೇಳಲು ಸೇರಬಹುದು ಎಂದು ಸಂಘದ ಸಭೆಯಲ್ಲಿ ನಾನು ಕೇಳಿಕೊಂಡಿದ್ದೇನೆ, ಇಲ್ಲಿಯೂ ಕೇಳಿಕೊಳ್ಳುತ್ತೇನೆ.

ಡೊಂಪೆರಿಡೋನ್, ಒಂಡಾನ್ಸೆಟ್ರಾನ್, ಮೆಟೊಕ್ಲೊಪ್ರಮೈಡ್ ಎಲ್ಲವೂ ಕಾನೂನಿನ ಪ್ರಕಾರ ವೈದ್ಯರ ಚೀಟಿಯಿದ್ದರೆ ಮಾತ್ರ ಮಾರಬೇಕಾದವು, ಸ್ಟ್ರಿಪ್ಪಿನ ಮೇಲೆ ಕೆಂಪು ಗೆರೆ ಇರುವುದು ಅದಕ್ಕೇ. ಆ ಗೆರೆಗೆ ಅಂಗಡಿಯಲ್ಲಿ ಬೆಲೆಯಿಲ್ಲವೆಂದು ನಮಗೆಲ್ಲ ಗೊತ್ತು. ನಿಯಮ ಬಿಗಿಯಾಗುವವರೆಗೆ ಮನೆಯಲ್ಲೇ ಮಾಡಬಹುದಾದದ್ದಿದೆ. ಗ್ಯಾಸಿನದ್ದು, ತಲೆಸುತ್ತಿನದ್ದು, ಬಸ್ಸಿನದ್ದು, ವಾಂತಿಯದ್ದು ಎಲ್ಲವನ್ನೂ ಔಷಧದ ಪಟ್ಟಿಗೆ ಸೇರಿಸಿ ಬರೆಯಿರಿ. ಹೃದ್ರೋಗ ಇರುವವರು ವಾಂತಿ ಮಾತ್ರೆ ದಿನವೂ ನಡೆಯುತ್ತಿದ್ದರೆ ಇಸಿಜಿ, ಪೊಟ್ಯಾಸಿಯಂ, ಮೆಗ್ನೀಸಿಯಂ ನೋಡಬೇಕೇ ಎಂದು ವೈದ್ಯರನ್ನು ಕೇಳಿ. ಮಾತ್ರೆ ತೆಗೆದುಕೊಂಡ ಮೇಲೆ ಎದೆ ಪಟಪಟ ಬಡಿದರೆ, ಕಣ್ಣು ಕತ್ತಲಿಟ್ಟು ಬಿದ್ದರೆ, ಕುತ್ತಿಗೆ ತಿರುಚಿಕೊಂಡರೆ ಸ್ಟ್ರಿಪ್ ಹಿಡಿದುಕೊಂಡೇ ಆಸ್ಪತ್ರೆಗೆ ಹೋಗಿ. ಅಡ್ಡ ಪರಿಣಾಮವನ್ನು ರೋಗಿಗಳೇ ವರದಿ ಮಾಡಲು 2010ರಲ್ಲಿ ಆರಂಭವಾದ ರಾಷ್ಟ್ರೀಯ ಔಷಧ ನಿಗಾ ಕಾರ್ಯಕ್ರಮದ ಉಚಿತ ಸಂಖ್ಯೆ 1800-180-3024 ಇದೆ. ಅಮ್ಮನ ವಿಷಯವನ್ನು ನಾನು ತಡವಾಗಿಯಾದರೂ ಅಲ್ಲಿ ಬರೆಸಿದೆ.

ಕುಂದಾಪುರದ ಹಿರಿಯರು ಶಿಬಿರವಾಗಿ ಎರಡು ವಾರಕ್ಕೆ ಫೋನ್ ಮಾಡಿದರು. ಹೃದಯದ ವೈದ್ಯರು ಇಸಿಜಿ ತೆಗೆದು, ರಕ್ತ ಪರೀಕ್ಷೆ ಮಾಡಿಸಿ, ಪೊಟ್ಯಾಸಿಯಂ ಕಡಿಮೆಯಿದ್ದುದನ್ನು ಸರಿಪಡಿಸಿದ್ದರು. ರಕ್ತ ತೆಳುವಾಗಿಸುವ ಮಾತ್ರೆಗಳಿಂದ ಹೊಟ್ಟೆಯನ್ನು ಕಾಪಾಡಲು ಪ್ಯಾಂಟೊಪ್ರಜೋಲ್ ಇರಲಿ, ಡೊಂಪೆರಿಡೋನ್ ಬೇಡ ಎಂದು ಬರೆದುಕೊಟ್ಟಿದ್ದರು. ಅಂಗಡಿಯವನು ಅಭ್ಯಾಸಬಲದಿಂದ ಹಳೆಯ ಕ್ಯಾಪ್ಸೂಲನ್ನೇ ಎತ್ತಿ ಕೊಟ್ಟನಂತೆ. ಇವರು ಕನ್ನಡಕ ಹಾಕಿಕೊಂಡು ಹೆಸರಿನ ಕೊನೆಯ ಅಕ್ಷರ ನೋಡಿ, ಹಿಂದಕ್ಕೆ ಕೊಟ್ಟು, ‘ಡಿ’ ಇಲ್ಲದ್ದನ್ನು ಕೇಳಿ ತಂದರಂತೆ.